ತಾತನ ದನಿಗೆ ಯಾವ ಪದ?

(ತಾತನ ನೂರನೇ ವರ್ಷದ ಪುಸ್ತಿಕೆಗೆ ನಾನು ಇಂಗ್ಲಿಷಿನಲ್ಲಿ ಬರೆದ ಪುಟದ ಫೋಟೊವನ್ನು ಮನೆಯವರ ಗುಂಪಿಗೆ ಹಾಕಿದ್ದೆ.)

ಹಾಸನದ ಅತ್ತೆ: ಓದಿದೆ. ಅಪ್ಪನ ದನಿ ‘ಸ್ಟೆಂಟೋರಿಯನ್’ ಅಂತ ಬರೆದಿದ್ದೀಯಲ್ಲ, ಅದನ್ನು ತೆಗೆದುಬಿಡು. ಸದಾ ಕಿರುಚಾಡುವವರಿಗೆ ಹೇಳುವ ಮಾತು ಅದು. ಅಪ್ಪ ಯಾರ ಮೇಲೂ ಕಿರುಚಿದವರಲ್ಲ.

ಚಿಕ್ಕಪ್ಪ: ಅಕ್ಕ ಹೇಳಿದ್ದು ಸರಿ. ಮೊಬೈಲಿನಲ್ಲಿ ನೋಡಿದೆ. ‘ತುಂಬ ಜೋರಾದ’ ಅಂತ ಮಾತ್ರ ಇದೆ.

ನಾನು: ಅತ್ತೆ, ಅದು ಬೈಗುಳ ಅಲ್ಲ. ಗ್ರೀಕ್ ಕವಿ ಹೋಮರನ ‘ಇಲಿಯಡ್’ ಕಾವ್ಯದಿಂದ ಬಂದ ಪದ. ಗ್ರೀಕರಿಗೂ ಟ್ರಾಯ್ ಊರಿನವರಿಗೂ ನಡೆದ ಯುದ್ಧದ ಕತೆ ಅದು. ಸ್ಟೆಂಟರ್ ಅಂತ ಒಬ್ಬ ಗ್ರೀಕ. ಐವತ್ತು ಜನ ಒಟ್ಟಿಗೆ ಕೂಗಿದಷ್ಟು ಅವನೊಬ್ಬನ ದನಿ.

ಹಾಸನದ ಅತ್ತೆ: ನಾನು ಹೇಳಿದ್ದೂ ಅದನ್ನೇ. ಐವತ್ತು ಜನರ ಗದ್ದಲ!

ನಾನು: ಅಲ್ಲಿ ಏನಾಗುತ್ತದೆ ಕೇಳಿ. 5ನೇ ಸರ್ಗ. ಗ್ರೀಕರ ಮಹಾವೀರ ಅಕಿಲೀಸ್ ಸಿಟ್ಟು ಮಾಡಿಕೊಂಡು ಯುದ್ಧ ಬಿಟ್ಟು ಕೂತಿದ್ದಾನೆ. ಟ್ರಾಯ್‌ನವರು ಊರಬಾಗಿಲು ದಾಟಿ ಗ್ರೀಕರ ಹಡಗುಗಳ ಕಡೆಗೆ ನುಗ್ಗಿದ್ದಾರೆ. ಗ್ರೀಕರು ಹಿಂದೆ ಸರಿಯುತ್ತಿದ್ದಾರೆ. ಆಗ ಹೇರಾ ದೇವಿ ಸ್ಟೆಂಟರನ ರೂಪದಲ್ಲಿ ನಿಂತು ಕೂಗುತ್ತಾಳೆ. ನಾಚಿಕೆಯಾಗಬೇಕು, ನೋಡೋಕೆ ಮಾತ್ರ ಚೆನ್ನಾಗಿದ್ದೀರಿ ಅನ್ನುತ್ತಾಳೆ. ಆ ಮಾತಿಗೆ ಎಲ್ಲರಿಗೂ ಧೈರ್ಯ ಬರುತ್ತದೆ. ಇಡೀ ಕಾವ್ಯದಲ್ಲಿ ಸ್ಟೆಂಟರನ ಹೆಸರು ಬರುವುದು ಅದೊಂದೇ ಸಲ. ಹೋಮರ್ ಅವನನ್ನು ದೊಡ್ಡ ಮನಸ್ಸಿನವನು, ಕಂಚಿನ ದನಿಯವನು ಅಂತ ಕರೆಯುತ್ತಾನೆ. ನಾವು ಕಂಚಿನ ಕಂಠ ಅನ್ನುತ್ತೇವಲ್ಲ, ಅದೇ. ಅದನ್ನು ಯಾರಾದರೂ ಬೈಗುಳ ಅಂದುಕೊಳ್ಳುತ್ತಾರಾ?

ಅತ್ತಿಗೆ: ಕೆರೆ ನೀರಲ್ಲಿ ಕಹಳೆಯ ಆಕಾರದ ಒಂದು ಸೂಕ್ಷ್ಮಜೀವಿ ಇರುತ್ತದೆ. ಅದರ ಹೆಸರೂ ಸ್ಟೆಂಟರ್. ಮಕ್ಕಳಿಗೆ ಪಾಠ ಮಾಡುವಾಗ ಹೇಳುತ್ತೇನೆ.

ಚಿಕ್ಕಪ್ಪ: ಕತೆ ಸರಿ ಕಣೋ. ಆದರೆ ಜನ ಯಾವ ಅರ್ಥದಲ್ಲಿ ಬಳಸುತ್ತಾರೋ ಅದೇ ಅರ್ಥ, ಅಲ್ವಾ?

ನಾನು: ಬಳಕೆಯೂ ಹಳೆಯದೇ ಚಿಕ್ಕಪ್ಪ. ಅರಿಸ್ಟಾಟಲನೇ ಈ ಪದವನ್ನು ಗ್ರೀಕ್‌ನಲ್ಲಿ ಬಳಸಿದ್ದಾನೆ. ಊರಿನ ಜನ ಮಿತಿಮೀರಿ ಬೆಳೆದರೆ, ಸ್ಟೆಂಟರನ ದನಿ ಇಲ್ಲದವನು ಡಂಗುರ ಹೇಗೆ ಸಾರಿಯಾನು ಅಂತ ಕೇಳುತ್ತಾನೆ. ಎಲ್ಲರಿಗೂ ಕೇಳಿಸಬೇಕು, ಅಷ್ಟೇ. ತಾತ ಮೈಕಿಲ್ಲದೆ ಶಾಲೆ ಮೈದಾನದ ಕೊನೇ ಸಾಲಿನವರೆಗೂ ಪ್ರಾರ್ಥನೆ ಹೇಳಿಕೊಡುತ್ತಿದ್ದರಲ್ಲ, ಅದಕ್ಕೆ ಬೇರೆ ಪದ ನನಗೆ ಸಿಗಲಿಲ್ಲ.

ಹಾಸನದ ಅತ್ತೆ: ಆ ಕೊನೇ ಸಾಲಲ್ಲಿ ನಾನೇ ನಿಂತಿರುತ್ತಿದ್ದೆ. ಒಂದಕ್ಷರ ಬಿಡದೆ ಕೇಳಿಸುತ್ತಿತ್ತು.

ಹಾಸನದ ಅತ್ತೆ: ಇಂಗ್ಲಿಷ್ ಪುಟದಲ್ಲಿ ಇರಲಿ ಬಿಡು. ಕನ್ನಡ ಪುಟದಲ್ಲಿ ಕಂಚಿನ ಕಂಠ ಅಂತಲೇ ಹಾಕು. ದೊಡ್ಡ ಮನಸ್ಸಿನವರು ಅನ್ನುವುದನ್ನೂ ಸೇರಿಸು, ಮರೀಬೇಡ.