ಕೆಂಪು ಈರುಳ್ಳಿ ಗರಿಗರಿ ಆಗ್ತಿಲ್ಲ, ಬಿರಿಯಾನಿಗೆ ಯಾವ್ದು ತಗೋಬೇಕು?

ಬನಶಂಕರಿ ಅಡುಗೆಮನೆ:
ಎಲ್ರಿಗೂ ನಮಸ್ಕಾರ. ಭಾನುವಾರ ನಮ್ಮನೆಯವ್ರ ಕಡೆಯೋರೆಲ್ಲ ಊಟಕ್ಕೆ ಬರ್ತಿದಾರೆ, ಮಟನ್ ಬಿರಿಯಾನಿ ಮಾಡೋಣ ಅಂತಿದೀನಿ. ದಿನಾ ಉಪ್ಪಿಟ್ಟು ಚಿತ್ರಾನ್ನಕ್ಕೆ ಹಾಕೋ ಈರುಳ್ಳೀನೇ ಮೇಲೆ ಉದುರಿಸೋಕೆ ಕರಿದ್ರೆ ಒಂದೋ ಮೆತ್ತಗೆ ಮುದ್ದೆ ಆಗುತ್ತೆ, ಇಲ್ಲಾಂದ್ರೆ ಸೀದು ಕಹಿ. ಗಾಡಿಯವ್ರ ಹತ್ರ ಈಗ ಎರಡು ಥರ ಇದೆ, ಒಂದು ದಪ್ಪ ಗಡ್ಡೆ, ಇನ್ನೊಂದು ಚಿಕ್ಕದು, ಬುಡ ಚಪ್ಪಟೆ, ಒಳ್ಳೆ ಗಾಢ ಕೆಂಪು. ಯಾವ್ದು ತರ್ಲಿ?

ಯಶವಂತಪುರ ಯಾರ್ಡ್ ಪಕ್ಕದೋನು:
ಮೇಡಂ, ಬಣ್ಣ ನೋಡ್ಬೇಡಿ, ಒಣಗಿದ್ಯಾ ನೋಡಿ. ಈರುಳ್ಳೀಲಿ ಹತ್ರತ್ರ 90 ಭಾಗ ನೀರೇ ಇರೋದು, ಅದು ಹೋಗೋವರ್ಗೂ ಎಣ್ಣೇಲಿ ಬೇಯುತ್ತೆ ಹೊರತು ಕರಿಯಲ್ಲ. ಚಳ್ಳಕೆರೆ ಚಿತ್ರದುರ್ಗದ ಕಡೆಯಿಂದ ಬರೋ ಮಳೆಗಾಲದ ಬೆಳೇಲಿ ನೀರು ಜಾಸ್ತಿ, ಬಹಳ ದಿನ ಇಡೋಕೂ ಆಗಲ್ಲ, ಅದು ಸಾರು ಪಲ್ಯಕ್ಕೆ ಚೆನ್ನಾಗಿರುತ್ತೆ. ಕರಿಯೋಕೆ ಹಳೇ ದಾಸ್ತಾನು ಕೇಳಿ, ಬೇಸಿಗೇಲಿ ಕಿತ್ತು ಒಣಗಿಸಿ ಇಟ್ಟಿರೋ ನಾಸಿಕ್ ಮಾಲು. ಕೈಯಲ್ಲಿ ಹಿಡಿದ್ರೆ ಗಟ್ಟಿ ಇರ್ಬೇಕು, ಸಿಪ್ಪೆ ಪರಪರ ಅನ್ನಬೇಕು, ಕತ್ತಿನ ಹತ್ರ ಒತ್ತಿದ್ರೆ ಒಳಗೆ ಹೋಗ್ಬಾರ್ದು.

ಶಿವಾಜಿನಗರದ ಸೊಸೆ:
ಅವ್ರು ಹೇಳಿದ್ದು ಸರಿ, ಆದ್ರೆ ಹೆಚ್ಚೋದ್ರಲ್ಲೇ ಅರ್ಧ ಕೆಲಸ ಇದೆ. ಒಂದು ಎಳೆ ದಪ್ಪ ಒಂದು ಎಳೆ ತೆಳ್ಳಗಿದ್ರೆ ದಪ್ಪದ್ದು ಕೆಂಪಾಗೋಷ್ಟ್ರಲ್ಲಿ ತೆಳ್ಳಂದು ಸೀದಿರುತ್ತೆ, ಆ ಕಹಿ ಅದೇ. ನಮ್ಮತ್ತೆ ಹೆಚ್ಚಿ ಎಳೆ ಬಿಡಿಸಿ ಬಟ್ಟೆ ಮೇಲೆ ಹರಡಿ ಫ್ಯಾನ್ ಕೆಳಗೆ ಬಿಡ್ತಾರೆ. ಅಗಲ ಬಾಣಲೆ, ಧಾರಾಳ ಎಣ್ಣೆ, ಸ್ವಲ್ಪ ಸ್ವಲ್ಪನೇ ಹಾಕಿ, ಒಟ್ಟಿಗೆ ಸುರಿದ್ರೆ ಎಣ್ಣೆ ತಣ್ಣಗಾಗಿ ಎಲ್ಲಾ ಮೆತ್ತಗೆ. ಮೊದ್ಲು ಜೋರಾಗಿ ನೊರೆ ಬರುತ್ತೆ, ನೊರೆ ಇಳಿದ್ಮೇಲೆ ಪಕ್ಕದಿಂದ ಆಚೆ ಈಚೆ ಹೋಗ್ಬೇಡಿ, ಫೋನ್ ಬಂದ್ರೂ ತಗೋಬೇಡಿ. ಹೊಂಬಣ್ಣ ಬಂತು ಅಂದ ತಕ್ಷಣ ತೆಗೆದುಬಿಡಿ, ಆಚೆ ಬಂದ್ಮೇಲೂ ಒಳಗಿನ ಕಾವಿಗೆ ಇನ್ನೊಂದು ಸುತ್ತು ಕೆಂಪಾಗುತ್ತೆ. ತೆಗೆದಾಗ ಬಗ್ಗುತ್ತೆ, ಪೇಪರ್ ಮೇಲೆ ಹರಡಿ ಆರಿದ್ಮೇಲೆ ಗರಿಗರಿ. ಮುಚ್ಚಿಡ್ಬೇಡಿ, ಬೆವೆತು ಮತ್ತೆ ಮೆತ್ತಗಾಗುತ್ತೆ. ಕರಿದ ಎಣ್ಣೆ ಚೆಲ್ಬೇಡಿ, ಅದ್ರಲ್ಲೇ ಮಸಾಲೆ ಹುರೀರಿ.

ಬ್ಯಾಚುಲರ್ ಭಟ್ಟ:
ಕರಿದ ಈರುಳ್ಳಿ ಪ್ಯಾಕೆಟಲ್ಲೇ ಸಿಗುತ್ತಲ್ವಾ 😀

ಶಿವಾಜಿನಗರದ ಸೊಸೆ:
ಸಿಗುತ್ತೆ ಕಣಪ್ಪಾ, ಆ ಎಣ್ಣೆ ಯಾರು ಕೊಡ್ತಾರೆ?

ದೊಡ್ಡಬಳ್ಳಾಪುರ ರಸ್ತೆ:
ಆ ಚಪ್ಪಟೆ ಬುಡದ್ದು ಬೆಂಗಳೂರು ರೋಸ್ ಇರ್ಬೇಕು, ನಮ್ಮ ಕಡೆ ಗುಲಾಬಿ ಈರುಳ್ಳಿ ಅಂತೀವಿ. ಚಿಕ್ಕಬಳ್ಳಾಪುರ ಕೋಲಾರ ನಮ್ಮ ಸುತ್ತಮುತ್ತ ಬೆಳೆಯೋದು, 2015ರಲ್ಲಿ ಜಿಐ ಟ್ಯಾಗೂ ಸಿಕ್ತು, ಆದ್ರೆ ಬೆಳೆದಿದ್ದೆಲ್ಲ ಹೆಚ್ಚಾಗಿ ಮಲೇಶಿಯಾ ಸಿಂಗಾಪುರಕ್ಕೇ ಹೋಗುತ್ತೆ, ನಮ್ಮೂರವ್ರಿಗೆ ರುಚೀನೇ ಗೊತ್ತಿಲ್ಲ. ಘಾಟು ಜಾಸ್ತಿ. ಬಿರಿಯಾನಿಗೆ ಹೆಚ್ಕೊಂಡು ಕೂತ್ರೆ ಕಣ್ಣೀರಲ್ಲೇ ಮುಗೀತು, ಅದನ್ನ ಇಡಿಯಾಗಿ ಹುಳಿಗೆ ಹಾಕಿ. ಸಿಪ್ಪೆ ತೆಗೆದು ಎಣ್ಣೇಲಿ ಸಾಸಿವೆ ಕರಿಬೇವು ಜೊತೆ ಬಾಡಿಸಿ, ನೀರು ಹಾಕಿ ಬೇಯಿಸಿ, ಒತ್ತಿದ್ರೆ ಮೆತ್ತಗೆ ಅನ್ನಿಸಿದ್ಮೇಲೇ ಹುಣಸೆ ರಸ. ಹುಳಿ ಮೊದ್ಲೇ ಬಿದ್ರೆ ಈರುಳ್ಳಿ ಬೇಗ ಬೇಯಲ್ಲ, ಮಧ್ಯ ಹಸಿ ಹಸಿ ಉಳಿಯುತ್ತೆ. ಆಮೇಲೆ ಬೆಂದ ತೊಗರಿಬೇಳೆ, ಹುಳಿಪುಡಿ, ಚೂರು ಬೆಲ್ಲ. ಬಿಸಿ ಮುದ್ದೆಗೆ ಇದಕ್ಕಿಂತ ಬೇಕಾ!

ಬನಶಂಕರಿ ಅಡುಗೆಮನೆ:
ತುಂಬಾ ಥ್ಯಾಂಕ್ಸ್. ಹಾಗಾದ್ರೆ ಕರಿಯೋಕೆ ಒಣಗಿದ ದಪ್ಪಂದು, ಚಿಕ್ಕದು ಸೋಮವಾರದ ಹುಳಿಗೆ. ಪಕ್ಕಕ್ಕೆ ಮೊಸರು ಬಜ್ಜಿಗೆ ಹಸೀದು ಘಾಟಾದ್ರೆ ಮಕ್ಕಳು ಮುಟ್ಟಲ್ಲ, ಏನ್ಮಾಡ್ಲಿ?

ಶಿವಾಜಿನಗರದ ಸೊಸೆ:
ಹೆಚ್ಚಿ ತಣ್ಣೀರಲ್ಲಿ ಹತ್ತು ನಿಮಿಷ ಬಿಟ್ಟು ಹಿಂಡಿ. ಆಮೇಲೆ ನಾಲ್ಕು ಹನಿ ನಿಂಬೆರಸ ಹಾಕಿ ಕಲಸಿ, ಗುಲಾಬಿ ಬಣ್ಣ ಎದ್ದು ಬರುತ್ತೆ. ಉಪ್ಪು ಮಾತ್ರ ಬಡಿಸೋ ಹೊತ್ತಿಗೆ ಹಾಕಿ, ಮೊದ್ಲೇ ಹಾಕಿದ್ರೆ ಈರುಳ್ಳಿ ನೀರು ಬಿಟ್ಟು ಮೊಸರೆಲ್ಲ ತೆಳ್ಳಗಾಗುತ್ತೆ.