ಹವಳಕ್ಕೆ ‘ಕಸಿ’ ಅನ್ನಬಹುದೇ? ಜೊತೆಗೆ ‘ಮುಳುಗು’ವಿನ ಫಜೀತಿ

ಬಳಗದ ಎಲ್ಲರಿಗೂ ನಮಸ್ಕಾರ.

ಮೂಡಿಗೆರೆಯಿಂದ ಬರೆಯುತ್ತಿದ್ದೇನೆ. ನನ್ನ ಅಕ್ಕನ ಮಗಳು ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ, ಅಂದರೆ ಹಿಂದಿನ ಹ್ಯಾವ್‌ಲಾಕಿನಲ್ಲಿ, ಸ್ಕೂಬಾ ಗೈಡ್, ಗಾಳಿಯ ಸಿಲಿಂಡರ್ ಹೊತ್ತು ಸಮುದ್ರದೊಳಗೆ ಇಳಿಯುವವರಿಗೆ ದಾರಿ ತೋರಿಸುವವಳು. ಮಳೆಗಾಲಕ್ಕೆ ಅಲ್ಲಿ ಕೆಲಸ ಕಡಿಮೆ, ಊರಿಗೆ ಬಂದಿದ್ದಾಳೆ. ಎರಡು ಪುಟದ ಇಂಗ್ಲಿಷ್ ಕರಪತ್ರವೊಂದನ್ನು ಕೈಗಿಟ್ಟು, “ಮಾವ, ಇದನ್ನ ಕನ್ನಡ ಮಾಡಿಕೊಡಿ. ಇಲ್ಲಿಯ ಹೋಮ್‌ಸ್ಟೇಗಳಲ್ಲಿ ಇಡ್ತೀನಿ, ನೇತ್ರಾಣಿಗೋ ಅಂಡಮಾನಿಗೋ ಹೋಗೋರು ಮೊದಲೇ ಓದ್ಕೊಂಡು ಹೋಗಲಿ” ಅಂದಳು. ಹಾಳಾದ ಹವಳದ ದಿಬ್ಬವನ್ನು ಮತ್ತೆ ಬೆಳೆಸುವುದು, ಅದರ ಖರ್ಚನ್ನು ನೋಡಲು ಬರುವವರ ದುಡ್ಡಿನಲ್ಲೇ ನಡೆಸುವುದು, ಬಂದವರು ಅದನ್ನು ತುಳಿದು ಮತ್ತೆ ಹಾಳು ಮಾಡದಂತೆ ಕಾಯುವುದು: ವಿಷಯ ಇಷ್ಟೇ. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಮೂರು ವಾರವಾಯಿತು.

ಮೊದಲು ಎಡವಿದ್ದು ‘ಕಸಿ’ಯಲ್ಲಿ. ಮೂತ್ರಪಿಂಡದ ಕಸಿ, ಯಕೃತ್ತಿನ ಕಸಿ ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವಲ್ಲ, ನಾನೂ ‘ಹವಳದ ಕಸಿ’ ಎಂದು ಬರೆದೆ. ಅದನ್ನು ತೋಟದ ಮೇಸ್ತ್ರಿಗೆ ಓದಿ ಹೇಳಿದರೆ ಅವನು, “ಸಮುದ್ರದಲ್ಲೂ ಕಸಿ ಮಾಡ್ಬೇಕಾ ಸಾರ್? ನೆರಳು ಜಾಸ್ತಿ ಆಯ್ತಾ?” ಅಂದ.

ಬಯಲುಸೀಮೆಯ ಗೆಳೆಯರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಿಮಗೆ ಕಸಿ ಎಂದರೆ ಮಾವಿನ ಕಸಿ, ಒಂದು ಗಿಡಕ್ಕೆ ಇನ್ನೊಂದರ ಕೊಂಬೆ ಕೂಡಿಸುವುದು. ನಮ್ಮ ಕಾಫಿ ಸೀಮೆಯಲ್ಲಿ ಕಸಿ ಎಂದರೆ ಸವರುವುದು. ಗಿಡ ಕಸಿ ಅಂದರೆ ಕಾಫಿ ಗಿಡದ ಬೇಡದ ರೆಕ್ಕೆ ಕತ್ತರಿಸುವುದು, ಮರಗಸಿ ಅಂದರೆ ನೆರಳು ಮರದ ಕೊಂಬೆ ಇಳಿಸಿ ಬಿಸಿಲು ಬಿಡುವುದು. ಒಂದೇ ಪದ ಅಲ್ಲಿ ಕೂಡಿಸುತ್ತದೆ, ಇಲ್ಲಿ ಕಡಿಯುತ್ತದೆ. ‘ಹವಳದ ಕಸಿಗೆ ನೀವೂ ಕೈಜೋಡಿಸಿ’ ಎಂದು ಅಚ್ಚು ಹಾಕಿದರೆ ನಮ್ಮ ಕಡೆಯವರು ಕತ್ತಿ ಹಿಡಿದುಕೊಂಡೇ ಹಡಗು ಹತ್ತುತ್ತಾರೆ.

ಹಾಗಾದರೆ ನೀರಿನಡಿ ನಡೆಯುವುದೇನು? ಅವಳು ವಿವರಿಸಿದಂತೆ ಬರೆಯುತ್ತೇನೆ. ಅಲೆಗೋ ಲಂಗರಿಗೋ ಸಿಕ್ಕಿ ಮುರಿದುಬಿದ್ದ ತುಂಡುಗಳನ್ನು, ಇಲ್ಲವೇ ಗಟ್ಟಿಮುಟ್ಟಾದ ಹವಳದಿಂದ ಮುರಿದುಕೊಂಡ ಬೆರಳುದ್ದದ ತುಂಡುಗಳನ್ನು ಹಗ್ಗಕ್ಕೋ ಕಬ್ಬಿಣದ ಚೌಕಟ್ಟಿಗೋ ಕಟ್ಟುತ್ತಾರೆ. ತಿಂಗಳುಗಟ್ಟಲೆ ಅಲ್ಲೇ ಸಾಕುತ್ತಾರೆ. ಮೇಲೆ ಹತ್ತುವ ಪಾಚಿ ಉಜ್ಜುವುದು, ಹವಳ ತಿನ್ನುವ ಬಸವನಹುಳು ಹೆಕ್ಕುವುದು ದಿನದ ಕೆಲಸ. ಬಲಿತ ಮೇಲೆ ದಿಬ್ಬದ ಸತ್ತ ಭಾಗಕ್ಕೆ ಒಯ್ದು ಅಂಟಿಸುತ್ತಾರೆ. ಕವಲೊಡೆಯುವ ಜಾತಿಗಳಾದರೆ ವರ್ಷಕ್ಕೆ 10 ಸೆಂಟಿಮೀಟರ್ ತನಕ ಬೆಳೆಯಬಲ್ಲವು, ಗುಂಡಗೆ ಬೆಳೆಯುವವು 1 ಸೆಂಟಿಮೀಟರ್ ಆಸುಪಾಸು ಮಾತ್ರ. ಮನ್ನಾರ್ ಕೊಲ್ಲಿಯಲ್ಲಿ ತೂತ್ತುಕುಡಿಯ ಸಂಶೋಧಕರು 2002ರಿಂದಲೂ ಈ ಕೆಲಸ ಮಾಡುತ್ತಿದ್ದಾರೆ.

ಇದನ್ನು ಕೇಳಿದ ಕೂಡಲೇ ನನಗೆ ನೆನಪಾದದ್ದು ಹಾಲುವಾಣ. ಕೊಂಬೆ ಕಡಿದು ಗೂಟ ನೆಟ್ಟರೆ ಸಾಕು, ಅದೇ ಮರ ಇನ್ನೊಂದು ಕಡೆ ಚಿಗುರುತ್ತದೆ. ಎರಡು ಕೂಡಿಸುವ ಮಾತೇ ಇಲ್ಲ. ಒಂದು ಕಡೆ ಸಾಕಿ ಇನ್ನೊಂದು ಕಡೆ ನೆಡುವುದಕ್ಕಂತೂ ನಮ್ಮಲ್ಲಿ ತಯಾರಾದ ಪದಗಳೇ ಇವೆ: ಒಟ್ಲು, ನಾಟಿ. ಭತ್ತದ ಒಟ್ಲಿನಂತೆ ಹವಳದ ಒಟ್ಲು, ಅಲ್ಲಿಂದ ಕಿತ್ತು ಹವಳದ ನಾಟಿ. ಪಾಚಿ ಉಜ್ಜುವುದಕ್ಕೆ ‘ಕಳೆ ತೆಗೆಯುವುದು’. ಕರಪತ್ರದ ಅರ್ಧ ಪುಟ ಇದರಲ್ಲೇ ಸಲೀಸಾಗಿ ಹರಿಯಿತು.

ಬೇಲೂರಿನ ಗೆಳೆಯರೊಬ್ಬರು ಒಟ್ಟು ಕೆಲಸಕ್ಕೆ ‘ಜೀರ್ಣೋದ್ಧಾರ’ ಅನ್ನಿ ಅಂದರು. ದೇವಸ್ಥಾನದ ಊರಿನವರು, ಪಾಪ. ಆದರೆ ಅಲ್ಲಿ ಕಲ್ಲನ್ನು ನಾವು ಕೂರಿಸುತ್ತೇವೆ, ಅದು ಕೂತಿರುತ್ತದೆ. ಇಲ್ಲಿ ದಿಬ್ಬ ಕಟ್ಟುವುದು ಹವಳವೇ. ‘ಪುನಶ್ಚೇತನ’ ಸರ್ಕಾರಿ ಕಡತದ ವಾಸನೆ ಹೊಡೆಯುತ್ತದೆ. ‘ಮರುಬೆಳೆಸುವುದು’ ಎಂದು ಬರೆದಿದ್ದೇನೆ.

ಒಟ್ಲು, ನಾಟಿಗೆ ಅಕ್ಕನ ಮಗಳ ತಕರಾರು ಬೇರೆ. “ಹವಳ ಗಿಡ ಅಲ್ಲ ಮಾವ, ಪ್ರಾಣಿ. ನಾನು ದೋಣಿಯಲ್ಲಿ ಮೊದಲು ಹೇಳೋದೇ ಅದು. ನೀವು ಮತ್ತೆ ಗಿಡ ಮಾಡ್ತಿದ್ದೀರಿ.” ಸರಿಯೇ. ಆದರೆ ಪದ ಬಿಡಿಸಿ ನೋಡಿ: ಸಂಸ್ಕೃತದ ಪ್ರವಾಳ ನಮ್ಮಲ್ಲಿ ಪವಳವಾಗಿ, ಪಾಲು ಹಾಲಾದಂತೆ ಪವಳ ಹವಳವಾಯಿತು. ಆ ಪ್ರವಾಳಕ್ಕೆ ಚಿಗುರು ಎಂಬ ಅರ್ಥವೂ ಇದೆ. ಹೆಸರಿಟ್ಟವರ ಕಣ್ಣಿಗೇ ಅದು ಚಿಗುರಾಗಿ ಕಂಡಿರುವಾಗ ನಾನು ನಾಟಿ ಅಂದರೆ ಅಂಥ ಅಪರಾಧವೇನಲ್ಲ ಎಂದು ವಾದಿಸಿದೆ. ಅವಳು ಒಪ್ಪಿಲ್ಲ. ಹವಳ ಕಟ್ಟುವ ಆ ಪುಟ್ಟ ಪ್ರಾಣಿಗೆ ‘ಹವಳದ ಹುಳು’ ಎಂಬ ಪದವನ್ನು ಮೊದಲ ಸಾಲಿನಲ್ಲೇ ತಂದರೆ ರಾಜಿಯಂತೆ.

ನೆರಳು ಜಾಸ್ತಿ ಆಯ್ತಾ ಎಂಬ ಮೇಸ್ತ್ರಿಯ ಪ್ರಶ್ನೆಯನ್ನೂ ತಮಾಷೆ ಎಂದು ತಳ್ಳುವಂತಿಲ್ಲ, ಹವಳಕ್ಕೂ ಬಿಸಿಲು ಬೇಕು. ಹುಳುವಿನ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತದೆ, ಬಿಸಿಲಿನಿಂದ ಆಹಾರ ಮಾಡಿ ಹುಳುವಿಗೂ ಕೊಡುತ್ತದೆ, ಬಣ್ಣವೂ ಬಹುಪಾಲು ಅದರದ್ದೇ. ಬೇಸಿಗೆಯ ಮಾಮೂಲಿ ಮಟ್ಟಕ್ಕಿಂತ ಸುಮಾರು 1 ಡಿಗ್ರಿ ಹೆಚ್ಚು ಬಿಸಿ ಕೆಲವು ವಾರ ನಿಂತರೆ ಹುಳು ಆ ಪಾಚಿಯನ್ನು ಹೊರಗೆ ಹಾಕುತ್ತದೆ, ಹವಳ ಬೆಳ್ಳಗಾಗುತ್ತದೆ. ಅಂಡಮಾನಿನಲ್ಲಿ 2010ರಲ್ಲಿ, ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. ಇದಕ್ಕೆ ‘ಬ್ಲೀಚಿಂಗ್’ ಅಂದರೆ ಬಚ್ಚಲಿನ ಪುಡಿ ನೆನಪಾಗುತ್ತದೆ, ‘ವಿವರ್ಣತೆ’ ಅಂದರೆ ಏನೂ ನೆನಪಾಗುವುದಿಲ್ಲ. ‘ಬಿಳಿಚಿಕೊಳ್ಳುವುದು’ ನನಗೆ ಹೇಳಿ ಮಾಡಿಸಿದಂತಿದೆ. ಜ್ವರ ಬಂದ ಮಗು ಬಿಳಿಚಿಕೊಂಡಿದೆ ಅನ್ನುತ್ತೇವೆ, ಹೆಣವನ್ನು ಹಾಗೆ ಅನ್ನುವುದಿಲ್ಲ. ಬಿಳಿಚಿದ ಹವಳ ಸತ್ತಿರುವುದಿಲ್ಲ, ನೀರು ಬೇಗ ತಣಿದರೆ ಚೇತರಿಸಿಕೊಳ್ಳಬಹುದು. ಈ ಒಂದು ಪದದ ಬಗ್ಗೆ ನಾನು ಜಗ್ಗುವುದಿಲ್ಲ.

‘ಹವಳದ ಬಂಡೆ’ ಎಂದು ಹಲವರು ಬರೆಯುತ್ತಾರೆ, ಬೇಡ. ಬಂಡೆ ಅಂದರೆ ಜನ ಹತ್ತಿ ನಿಲ್ಲುತ್ತಾರೆ. ದಿಬ್ಬ ಇರಲಿ. ಇನ್ನು ‘ಹವಳ ಮುಟ್ಟಬೇಡಿ, ತುಂಡು ತರಬೇಡಿ’ ಅಂದರೆ ಯಾರಾದರೊಬ್ಬರು ಉಂಗುರದ ಬೆರಳು ತೋರಿಸಿ, “ಇದು ಅಂಗಡಿಯಲ್ಲೇ ಸಿಗ್ತದಲ್ಲ” ಅನ್ನುತ್ತಾರಂತೆ. ಆ ಕೆಂಪು ಹವಳ ಮೆಡಿಟರೇನಿಯನ್ ಕಡೆಯದು, ದಿಬ್ಬ ಕಟ್ಟುವ ಜಾತಿಯಲ್ಲ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಹುಲಿಯ ಸಾಲಿನಲ್ಲಿ. ಎರಡಕ್ಕೂ ಹವಳ ಅಂದರೆ ಗೊಂದಲ ತಪ್ಪದು. ‘ಉಂಗುರದ ಹವಳ’, ‘ದಿಬ್ಬದ ಹವಳ’ ಎಂದು ಬಿಡಿಸಿದ್ದೇನೆ.

ಈಗ ನಿಜವಾದ ಸಮಸ್ಯೆ. ಡೈವಿಂಗ್ ಪ್ರವಾಸೋದ್ಯಮ. ನಿಘಂಟು ನೋಡಿ ‘ಸುಸ್ಥಿರ ಮುಳುಗು ಪ್ರವಾಸೋದ್ಯಮ’ ಎಂದು ಬರೆದೆ. ಅಕ್ಕನ ಮಗಳು ಬಿದ್ದು ಬಿದ್ದು ನಕ್ಕಳು: “ಮುಳುಗೋ ಉದ್ಯಮಕ್ಕೆ ಯಾರು ಮಾವ ದುಡ್ಡು ಕೊಡ್ತಾರೆ?” ಪೇಪರಿನ ‘ಮುಳುಗು ತಜ್ಞರು’ ಕೆರೆಯಿಂದ ಹೆಣ ತೆಗೆಯುವವರು. ಹಾಸನದ ಕಡೆಯವರಿಗೆ ‘ಮುಳುಗಡೆ’ ಅಂದರೆ ಗೊರೂರು ಅಣೆಕಟ್ಟು, ಹಿನ್ನೀರಿಗೆ ಹೋದ ಜಮೀನು, ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿ ಇಗರ್ಜಿ. ಖುಷಿಯಿಂದ ನೀರಿಗಿಳಿದು ಮೇಲೆ ಬರುವುದಕ್ಕೆ ಈ ಧಾತುವಿನಲ್ಲಿ ಜಾಗವೇ ಇಲ್ಲವೇ? ತೀರ್ಥದಲ್ಲಿ ‘ಮುಳುಗು ಹಾಕುವುದು’ ಒಂದಿದೆ, ಅಲ್ಲಿಯೂ ಪಾಪ ತೊಳೆಯುವ ಕೆಲಸ. ಸದ್ಯ ‘ಸ್ಕೂಬಾ ಪ್ರವಾಸ’ ಎಂದೇ ಬಿಟ್ಟಿದ್ದೇನೆ.

ಒಳಗಿಳಿದ ಮೇಲೆ ತಳಕ್ಕೂ ಬೀಳದೆ ಮೇಲಕ್ಕೂ ಏಳದೆ ನಿಲ್ಲುವುದೇ ಹವಳ ಉಳಿಸುವ ಮುಖ್ಯ ವಿದ್ಯೆಯಂತೆ. ಅದು ಬಾರದವರು ಕಾಲಿಗೆ ಹಾಕಿಕೊಂಡ ಈಜುರೆಕ್ಕೆ, ಅಂದರೆ ಫಿನ್, ಬಡಿದೇ ಕವಲುಗಳು ಮುರಿಯುವುದು, ಹಾಗಾಗಿ ಹೊಸಬರನ್ನು ಅವಳು ಒಟ್ಲಿನ ಹತ್ತಿರಕ್ಕೂ ಬಿಡುವುದಿಲ್ಲ. ವಿಜ್ಞಾನ ಪುಸ್ತಕದ ‘ಪ್ಲವನತೆ’ ಬಿಟ್ಟು ‘ತೇಲುಹದ’ ಎಂದು ಕಟ್ಟಿದ್ದೇನೆ. ಬೆಲ್ಲದ ಪಾಕಕ್ಕೆ, ಗದ್ದೆಯ ಮಣ್ಣಿಗೆ ಇರುವ ಹದವೇ ಇದು. ಕಿವಿಗೆ ಹೇಗಿದೆ?

ಕೇಳುವುದು ಮೂರು. ಡೈವಿಂಗ್‌ಗೆ ಸಾವು, ನಷ್ಟಗಳ ನೆರಳಿಲ್ಲದ ಕನ್ನಡ ಮಾತು ನಿಮ್ಮ ಕಡೆ ಇದೆಯೇ? ಒಟ್ಲು ಅಂದರೆ ಕರಾವಳಿಯ ‘ನೇಜಿ’ಯವರಿಗೆ, ‘ಅಗೆ’ ಅನ್ನುವ ಮಲೆನಾಡಿನವರಿಗೆ ತಿಳಿದೀತೇ, ಅಥವಾ ಸಪ್ಪೆಯಾದರೂ ‘ಸಸಿಮಡಿ’ಯೇ ಕ್ಷೇಮವೇ? ಹವಳದ ಮೇಲೆ ಲಂಗರು ಬೀಳದಿರಲೆಂದು ಕಾಯಂ ತೇಲಬಿಟ್ಟಿರುತ್ತಾರಲ್ಲ, ದೋಣಿ ಕಟ್ಟುವ ಡ್ರಮ್ಮಿನಂಥದ್ದು, ಅದಕ್ಕೆ ಭಟ್ಕಳ, ಹೊನ್ನಾವರದ ಮೀನುಗಾರರು ಏನನ್ನುತ್ತಾರೆ? ಅವಳು ಸೆಪ್ಟೆಂಬರಿನಲ್ಲಿ ಹೊರಡುತ್ತಾಳೆ, ಅಷ್ಟರೊಳಗೆ ಅಚ್ಚಿಗೆ ಕೊಡಬೇಕು.