ಅರ್ಧ ಗಂಟೆಗೆ ಕಿವಿ ಸೋಲುತ್ತದೆ, ಹಿತವಾದ ಆಂಪ್ ಯಾವುದು ಹೇಳಿ

ಎಲ್ಲರಿಗೂ ನಮಸ್ಕಾರ. ದಿನಾ ರಾತ್ರಿ ಎರಡು ಗಂಟೆ ಹಾಡು ಕೇಳುವುದು ನನ್ನ ಅಭ್ಯಾಸ. ಈಚೆಗೆ ಹೊಸ ಸ್ಪೀಕರ್ ತಂದೆ, ಜೊತೆಗೆ ಅಂಗೈಯಗಲದ ಒಂದು ಕ್ಲಾಸ್ ಡಿ (ಕರೆಂಟನ್ನು ಅತಿ ವೇಗವಾಗಿ ಆನ್-ಆಫ್ ಮಾಡಿ ಸದ್ದು ಹೆಚ್ಚಿಸುವ ಬಗೆ) ಆಂಪ್ಲಿಫೈಯರ್. ಮೊದಲ ದಿನ ಎಷ್ಟು ಸ್ಪಷ್ಟವಾಗಿದೆ ಅಂತ ಖುಷಿಪಟ್ಟೆ. ಈಗ ಅರ್ಧ ಗಂಟೆ ದಾಟಿದರೆ ಸಾಕು ಅನ್ನಿಸುತ್ತದೆ. ಗಾಯಕಿ 'ಸ', 'ಶ' ಅಂದಾಗಲೆಲ್ಲ ಕಿವಿಗೆ ಸೂಜಿ ಚುಚ್ಚಿದ ಹಾಗೆ. ವಾಲ್ಯೂಮ್ ಇಳಿಸಿದರೆ ಹಾಡು ಸಪ್ಪೆ. ಹಳೆಯ ಟೇಪ್ ರೆಕಾರ್ಡರಿನಲ್ಲಿ ಗಂಟೆಗಟ್ಟಲೆ ಕೇಳುತ್ತಿದ್ದೆ, ಒಂದು ದಿನವೂ ಹೀಗಾಗಿಲ್ಲ.

ಸ್ಪೀಕರ್ 8 ಓಮ್, ಸೆನ್ಸಿಟಿವಿಟಿ (ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಬರುವ ಸದ್ದು) 86 ಡೆಸಿಬೆಲ್, ಮೇಲಿನ ಸ್ವರ ನುಡಿಸುವ ಪುಟ್ಟ ಟ್ವೀಟರ್ ಲೋಹದ್ದು. ರೂಮು ಚಿಕ್ಕದು. ನೆಲದ ಮೇಲೆ ಏನೂ ಹಾಸಿಲ್ಲ, ಒಂದು ಪಕ್ಕ ಪೂರ್ತಿ ಗಾಜಿನ ಕಿಟಕಿ. 'ವಾರ್ಮ್ ಸೌಂಡ್' ಅಂತಾರಲ್ಲ, ಅಂಥ ಆಂಪ್ ಬೇಕು. ಟ್ಯೂಬ್ ಆಂಪಿಗೆ (ಹಳೆ ರೇಡಿಯೋದ ಹಾಗೆ ಗಾಜಿನ ವಾಲ್ವ್ ಇರುವುದು) ಹೋಗಲಾ, ಟ್ರಾನ್ಸಿಸ್ಟರಿನದೇ ಒಳ್ಳೆಯದು ನೋಡಲಾ? ಬಳಸಿದವರು ದಯವಿಟ್ಟು ಹೇಳಿ.

*

ನಿಮ್ಮ ಕಷ್ಟ ನನಗೆ ಚೆನ್ನಾಗಿ ಗೊತ್ತು. ನಾನು ಇದಕ್ಕಾಗಿ ಮೂರು ಆಂಪ್ ಬದಲಿಸಿದ್ದೇನೆ. ಮೂರನೆಯದರಲ್ಲೂ ಅದೇ ಚುಚ್ಚುವ ಸದ್ದು ಬಂದಾಗಲೇ ರೂಮಿನ ಮೇಲೆ ಅನುಮಾನ ಬಂದದ್ದು. ಅದಕ್ಕೇ ದುಡ್ಡು ಬಿಚ್ಚುವ ಮುಂಚೆ ಒಂದು ಕೆಲಸ ಮಾಡಿ. ನೀವು ಕೂರುವ ಜಾಗದಲ್ಲೇ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಕೈ ನಿಂತ ಮೇಲೂ 'ಟ್ರಿಂಯ್' ಅಂತ ಎಳೆಯಾಗಿ ಏನೋ ಉಳಿಯುತ್ತದಾ ಕೇಳಿ. ಉಳಿದರೆ ನಿಮ್ಮ ಅರ್ಧ ತೊಂದರೆ ಅಲ್ಲೇ ಇದೆ.

'ಸ' ಅನ್ನುವ ಅಕ್ಷರದ ಜೋರೆಲ್ಲ ಇರುವುದು ಸುಮಾರು 5ರಿಂದ 8 ಕಿಲೋಹರ್ಟ್ಜ್ ನಡುವೆ. ಗಾಜು, ಬರಿ ನೆಲ ಎರಡೂ ಆ ಸದ್ದನ್ನು ಹೀರಿಕೊಳ್ಳುವುದೇ ಇಲ್ಲ, ಹಾಗೇ ವಾಪಸ್ ಕಳಿಸುತ್ತವೆ. ಒಂದು 'ಸ' ನಿಮ್ಮ ಕಿವಿಗೆ ನಾಲ್ಕೈದು ಸಲ ಬಡಿಯುತ್ತದೆ. ಸ್ಪೀಕರಿಗೂ ನಿಮಗೂ ನಡುವೆ ದಪ್ಪನೆಯ ಜಮಖಾನ ಹಾಸಿ. ಗಾಜಿಗೆ ಪರದೆ ಹಾಕಿ, ತೆಳುವಾದದ್ದು ಬೇಡ, ನೆರಿಗೆ ಜಾಸ್ತಿ ಇರುವ ಭಾರದ ಬಟ್ಟೆ ಇರಲಿ. ಸ್ಪೀಕರ್ ನೇರ ನಿಮ್ಮ ಕಿವಿಗೆ ಗುರಿ ಇಟ್ಟಿದ್ದರೆ ಸ್ವಲ್ಪ ಆಚೆ ತಿರುಗಿಸಿ. ಟ್ವೀಟರಿನ ಸದ್ದು ಟಾರ್ಚ್ ಬೆಳಕಿನ ಹಾಗೆ ಮುಂದಕ್ಕೆ ಹೋಗುವಂಥದ್ದು, ಪಕ್ಕಕ್ಕೆ ಬಂದಷ್ಟೂ ಕಡಿಮೆ. ಆಮೇಲೆ ಸ್ಪೀಕರನ್ನು ಹಿಂದಿನ ಗೋಡೆಗೆ ಒಂದು ಗೇಣು ಹತ್ತಿರ ಸರಿಸಿ ನೋಡಿ. ಗೋಡೆ ಹತ್ತಿರವಾದಷ್ಟೂ ಕೆಳಗಿನ ಸ್ವರಗಳು ತುಂಬಿಕೊಳ್ಳುತ್ತವೆ. ನಾವು 'ಬೆಚ್ಚಗಿದೆ' ಅನ್ನುವುದು ಬಹುಮಟ್ಟಿಗೆ ಇದಕ್ಕೇ: 100ರಿಂದ 400 ಹರ್ಟ್ಜ್ ನಡುವೆ ಸ್ವಲ್ಪ ಮೈ ಇರಬೇಕು, ಮೇಲೆ ಚೂಪು ಇರಬಾರದು.

ಹಾಗಂತ ಆಂಪ್ ಲೆಕ್ಕಕ್ಕಿಲ್ಲ ಅಂತ ನಾನು ಹೇಳುವುದಿಲ್ಲ. ನಿಮ್ಮ ಪುಟ್ಟ ಕ್ಲಾಸ್ ಡಿ ಮೇಲೂ ನನಗೆ ಅನುಮಾನವಿದೆ. ಕ್ಲಾಸ್ ಡಿ ಆಂಪುಗಳಲ್ಲಿ ಔಟ್‌ಪುಟ್ ಜಾಗದಲ್ಲಿ ಕಾಯಿಲ್, ಕೆಪಾಸಿಟರ್ ಸೇರಿದ ಒಂದು ಫಿಲ್ಟರ್ ಇರುತ್ತದೆ. ಚೆನ್ನಾಗಿ ಮಾಡಿದವುಗಳಲ್ಲಿ ಆ ಫಿಲ್ಟರ್ ಕೂಡ ಫೀಡ್‌ಬ್ಯಾಕ್ (ಆಂಪ್ ತನ್ನ ಔಟ್‌ಪುಟ್ ನೋಡಿ ತಪ್ಪು ತಿದ್ದಿಕೊಳ್ಳುವ ಏರ್ಪಾಡು) ಒಳಗೇ ಬರುತ್ತದೆ, ಅಂಥವು ಯಾವ ಸ್ಪೀಕರಿಗೂ ಒಂದೇ ಥರ ನುಡಿಯುತ್ತವೆ. ಅಗ್ಗದ ಎಷ್ಟೋ ಆಂಪುಗಳಲ್ಲಿ ಅದು ಹೊರಗೆ ಉಳಿದಿರುತ್ತದೆ. ಆಗ 4 ಓಮ್ ಸ್ಪೀಕರಿಗೆ ಸರಿಯಾಗಿರುವ ಟ್ರೆಬಲ್, ಅಂದರೆ ಮೇಲಿನ ಸ್ವರಗಳ ಮಟ್ಟ, 8 ಓಮ್ ಸ್ಪೀಕರಿಗೆ ಏರಿಬಿಡುತ್ತದೆ. ಮೊದಲ ದಿನ ಅದೇ 'ಸ್ಪಷ್ಟ' ಅನ್ನಿಸುವುದು, ಹತ್ತನೇ ದಿನ ಅದೇ ತಲೆನೋವು.

ಇನ್ನು ವಾಲ್ಯೂಮ್ ಇಳಿಸಿದರೆ ಸಪ್ಪೆ ಅಂದಿರಲ್ಲ, ಅದು ಕಿವಿಯ ಗುಣ. 1933ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದಾರೆ. ಸದ್ದು ಕಡಿಮೆಯಾದ ಹಾಗೆ ನಮ್ಮ ಕಿವಿ ಬೇಸನ್ನು ಮೊದಲು ಬಿಟ್ಟುಬಿಡುತ್ತದೆ. ಹಳೆ ಆಂಪುಗಳಲ್ಲಿ 'ಲೌಡ್‌ನೆಸ್' ಅಂತ ಒಂದು ಬಟನ್ ಇರುತ್ತಿತ್ತು ನೆನಪಿದೆಯಾ? ರಾತ್ರಿ ಮೆಲ್ಲಗೆ ಕೇಳುವಾಗ ಕಳೆದುಹೋದ ಬೇಸನ್ನು ತುಂಬಿಕೊಡಲು ಅಂತಲೇ ಅದನ್ನು ಇಟ್ಟಿದ್ದು. ಈಗಿನ ಎಷ್ಟೋ ಆಂಪುಗಳಲ್ಲಿ ಬೇಸ್, ಟ್ರೆಬಲ್ ನಾಬ್ ಕೂಡ ಇಲ್ಲ. ಶುದ್ಧವಾಗಿರಲಿ ಅಂತ ತೆಗೆದುಹಾಕಿದ್ದೇವೆ ಅಂತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹಿತವಾಗಿ ಕೇಳಬೇಕು ಅನ್ನುವವರಿಗೆ ಆ ಎರಡು ನಾಬ್‌ಗಿಂತ ದೊಡ್ಡ ಉಪಕಾರ ಇಲ್ಲ.

1978ರಲ್ಲಿ ಬಂದ ಎನ್‌ಎಡಿ 3020 ಅನ್ನುವ ಆಂಪ್ ಇದಕ್ಕೆ ಒಳ್ಳೆಯ ಉದಾಹರಣೆ. ಚಾನೆಲ್ಲಿಗೆ ಬರೇ 20 ವ್ಯಾಟ್. ಟೋನ್ ನಾಬ್ ಇತ್ತು, ಲೌಡ್‌ನೆಸ್ ಇತ್ತು. ಆಂಪಿನ ಶಕ್ತಿ ಮೀರಿದಾಗ ಸದ್ದು ಒಮ್ಮೆಲೇ ಒಡೆಯದೆ ಮೆಲ್ಲಗೆ ಮೊಂಡಾಗುವಂತೆ 'ಸಾಫ್ಟ್ ಕ್ಲಿಪ್ಪಿಂಗ್' ಅನ್ನುವ ಏರ್ಪಾಡೂ ಇತ್ತು. ಇವತ್ತಿಗೂ ಜನ ಅದನ್ನು ಹುಡುಕಿ ಕೊಳ್ಳುತ್ತಾರೆ.

*

ನಾನು ಟ್ಯೂಬ್ ಕಡೆಯವನು, ಏಳು ವರ್ಷದಿಂದ. ಮೇಲಿನವರು ರೂಮಿನ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಟ್ಯೂಬಿನ ಹಿತ ಸುಮ್ನೆ ಭ್ರಮೆ ಅಂತ ಯಾರಾದರೂ ಅಂದರೆ ಒಪ್ಪುವುದಿಲ್ಲ.

ಸಂಗೀತದ ಲೆಕ್ಕದಲ್ಲೇ ಹೇಳುತ್ತೇನೆ. 220 ಹರ್ಟ್ಜ್ ನಿಮ್ಮ ಷಡ್ಜ ಅಂತಿಟ್ಟುಕೊಳ್ಳಿ. ಯಾವ ಆಂಪ್ ಆದರೂ ತನ್ನದೊಂದಿಷ್ಟು ಡಿಸ್ಟಾರ್ಷನ್, ಅಂದರೆ ಮೂಲದಲ್ಲಿಲ್ಲದ ಸದ್ದು, ಸೇರಿಸುತ್ತದೆ. ಸಿಂಗಲ್ ಎಂಡೆಡ್ (ಇಡೀ ಅಲೆಯನ್ನು ಒಂದೇ ಟ್ಯೂಬ್ ನುಡಿಸುವ) ಟ್ಯೂಬ್ ಆಂಪ್ ಜಾಸ್ತಿ ಸೇರಿಸುವುದು ಎರಡನೇ ಹಾರ್ಮೋನಿಕ್, ಅಂದರೆ 440. ಅದು ತಾರ ಷಡ್ಜ. ಅದೇ ಸ್ವರ, ಒಂದು ಸ್ಥಾಯಿ ಮೇಲೆ. ಮೂರನೆಯದು 660, ತಾರ ಪಂಚಮ. ಇವು ಸೇರಿದರೆ ಕಿವಿಗೆ ತಪ್ಪು ಅನ್ನಿಸುವುದಿಲ್ಲ, ಸ್ವರ ಸ್ವಲ್ಪ ತುಂಬಿಕೊಂಡ ಹಾಗಿರುತ್ತದೆ. ಏಳನೆಯದು 1540. ಅದು ಯಾವ ಸ್ವರಸ್ಥಾನದಲ್ಲೂ ಸರಿಯಾಗಿ ಕೂರುವುದಿಲ್ಲ, ಸ್ವಲ್ಪ ಬೆರೆತರೂ ಒರಟು. ಕೆಟ್ಟದಾಗಿ ಹೊಂದಿಸಿದ ಕ್ಲಾಸ್ ಎಬಿ (ಟ್ರಾನ್ಸಿಸ್ಟರ್ ಆಂಪುಗಳಲ್ಲಿ ಸಾಮಾನ್ಯವಾದ ಬಗೆ) ಆಂಪಿನಲ್ಲಿ ಒಂದು ಟ್ರಾನ್ಸಿಸ್ಟರ್ ಇನ್ನೊಂದಕ್ಕೆ ಕೆಲಸ ದಾಟಿಸುವ ಜಾಗದಲ್ಲಿ ಇಂಥ ಮೇಲಿನ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಅದೂ ಮೆಲ್ಲಗೆ ಕೇಳುವಾಗಲೇ ಎದ್ದು ಕಾಣುತ್ತವೆ. ಬಯಾಸ್ (ಟ್ರಾನ್ಸಿಸ್ಟರಿನಲ್ಲಿ ಸದಾ ಹರಿಯುವಂತೆ ಹೊಂದಿಸಿದ ಸಣ್ಣ ಕರೆಂಟ್) ಸರಿಯಿದ್ದರೆ ಈ ತೊಂದರೆ ಇಲ್ಲ.

ಈಗ ನಿಮ್ಮ ಸ್ಪೀಕರ್ ವಿಷಯ. 300ಬಿ ಟ್ಯೂಬಿನ ಹೆಸರು ಕೇಳಿರುತ್ತೀರಿ. ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಆದರೆ ಒಂಟಿ 300ಬಿ ಕೊಡುವುದು ಸುಮಾರು 8 ವ್ಯಾಟ್. ವ್ಯಾಟ್ ಎರಡರಷ್ಟಾದಾಗ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಒಂದರಿಂದ 8 ವ್ಯಾಟಿಗೆ ಮೂರು ಸಲ ಎರಡರಷ್ಟು, ಹಾಗಾಗಿ ನಿಮ್ಮ 86ಕ್ಕೆ 9 ಸೇರಿಸಿದರೆ ಒಂದು ಮೀಟರ್ ದೂರದಲ್ಲಿ 95, ಅಲ್ಲಿಗೆ ಮುಗಿಯಿತು. ಮೆಲ್ಲಗೆ ಹಾಡು, ಕೊಳಲು, ಪಿಟೀಲು ಕೇಳಲು ಸಾಕು. ಮೃದಂಗದ ಒಂದು ಜೋರು ಪೆಟ್ಟು ಬಂದರೆ ಸಾಲದು. ನಿಮಗೆ ಟ್ಯೂಬೇ ಬೇಕಾದರೆ ಇಎಲ್34 ಅನ್ನುವ ಟ್ಯೂಬಿನ ಜೋಡಿ ಇರುವ ಪುಶ್‌ಪುಲ್ (ಎರಡು ಟ್ಯೂಬ್ ಕೆಲಸ ಹಂಚಿಕೊಳ್ಳುವ ಬಗೆ) ನೋಡಿ. 1959ರ ಡೈನಾಕೊ ಎಸ್‌ಟಿ-70 ಅನ್ನುವ ಆಂಪ್ ಆ ಟ್ಯೂಬುಗಳಲ್ಲೇ ಚಾನೆಲ್ಲಿಗೆ 35 ವ್ಯಾಟ್ ಕೊಡುತ್ತಿತ್ತು.

ಇನ್ನೊಂದು ಮಾತು. ಟ್ಯೂಬ್ ಆಂಪುಗಳ ಔಟ್‌ಪುಟ್ ಇಂಪೀಡೆನ್ಸ್ (ಓಮ್‌ನಲ್ಲಿ ಅಳೆಯುವ ಒಳಗಿನ ತಡೆ) ಜಾಸ್ತಿ. ನಿಮ್ಮ ಸ್ಪೀಕರ್ ಮೇಲೆ 8 ಓಮ್ ಅಂತ ಬರೆದಿದ್ದರೂ ಸ್ಪೀಕರಿನ ತಡೆ ಒಂದು ಫ್ರೀಕ್ವೆನ್ಸಿಯಲ್ಲಿ 5ಕ್ಕೆ ಇಳಿದು ಇನ್ನೊಂದರಲ್ಲಿ 25ಕ್ಕೆ ಏರಬಹುದು. ಆಂಪಿನದು 2 ಓಮ್ ಇದ್ದರೆ, ಆ ಎರಡು ಜಾಗಗಳ ನಡುವೆ ಎರಡು ಡೆಸಿಬೆಲ್‌ಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಅದು ಬೇಸ್ ಕಡೆ ಏರಿದರೆ ಬೆಚ್ಚಗೆ, ಟ್ರೆಬಲ್ ಕಡೆ ಏರಿದರೆ ನಿಮ್ಮ ಸೂಜಿ ಮತ್ತೆ ವಾಪಸ್. ಅದಕ್ಕೇ ಟ್ಯೂಬ್ ಆಂಪನ್ನು ನಿಮ್ಮದೇ ಸ್ಪೀಕರಿಗೆ ಹಾಕಿ ಕೇಳದೆ ಕೊಳ್ಳಬೇಡಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೇಲೆ ಜಾಲರಿ ಇರುವುದನ್ನೇ ತನ್ನಿ. ಟ್ಯೂಬ್ ಮುಟ್ಟಿದರೆ ಕೈ ಸುಡುತ್ತದೆ. ಸ್ಪೀಕರ್ ಜೋಡಿಸದೆ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗುತ್ತದೆ. ಒಳಗೆ ನೂರಾರು ವೋಲ್ಟ್ ಓಡುತ್ತದೆ, ಆಫ್ ಮಾಡಿದ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರಬಹುದು. ಆದ್ದರಿಂದ ಮುಚ್ಚಳ ತೆಗೆಯುವ ಕೆಲಸ ಬಲ್ಲವರಿಗೇ ಬಿಡಿ.

*

ಮೇಲಿನ ಇಬ್ಬರ ಮಾತಿಗೂ ಸೇರುವ ಒಂದು ಹಳೆ ಕಥೆ ಇದೆ. 1985ರಲ್ಲಿ ಬಾಬ್ ಕಾರ್ವರ್ ಅನ್ನುವ ಆಂಪ್ ತಯಾರಕರು ಸ್ಟೀರಿಯೊಫೈಲ್ ಪತ್ರಿಕೆಯವರಿಗೆ ಸವಾಲು ಹಾಕಿದರು. ನೀವು ಮೆಚ್ಚುವ ಯಾವ ದುಬಾರಿ ಆಂಪ್ ಆದರೂ ಕೊಡಿ, ನನ್ನ ಟ್ರಾನ್ಸಿಸ್ಟರ್ ಆಂಪನ್ನು ಅದೇ ಥರ ನುಡಿಸುತ್ತೇನೆ ಅಂತ. ಅವರು ಒಂದು ಟ್ಯೂಬ್ ಆಂಪ್ ಕೊಟ್ಟರು. ಕಾರ್ವರ್ ಎರಡರ ಔಟ್‌ಪುಟ್‌ನ ವ್ಯತ್ಯಾಸವನ್ನು ಅಳೆಯುತ್ತಾ, ಅದು ಇಲ್ಲವಾಗುವ ತನಕ ತಮ್ಮ ಆಂಪನ್ನು ತಿದ್ದುತ್ತಾ ಹೋದರು. ಕೊನೆಗೆ ಕೇಳಿದವರಿಗೆ ಎರಡನ್ನೂ ಬೇರೆ ಮಾಡಲು ಆಗಲಿಲ್ಲ. ಟ್ಯೂಬಿನ ಹಿತ ನಿಜ, ಆದರೆ ಅದು ಟ್ಯೂಬಿನೊಳಗೆ ಮಾತ್ರ ಇರುವ ವಸ್ತು ಅಲ್ಲ ಅಂತ ನಾನು ನಂಬಿದ್ದು ಇದರಿಂದಲೇ.

ಮರಾಂಟ್ಜ್ ಬೆಚ್ಚಗೆ, ಯಮಹಾ ಚೂಪು ಅಂತೆಲ್ಲ ಹೇಳುವುದನ್ನು ಕೇಳಿರುತ್ತೀರಿ. ಹೆಸರು ನೋಡಿ ತೀರ್ಮಾನ ಮಾಡಬೇಡಿ. ಒಂದೇ ಕಂಪನಿಯ ಎರಡು ಮಾಡೆಲ್ ಬೇರೆ ಬೇರೆ ಥರ ಇರುತ್ತವೆ.

*

ಹಳೇ ಆಂಪ್ ತೆಗೆದುಕೊಳ್ಳುವ ಯೋಚನೆ ಬಂದರೆ ನನ್ನ ಅನುಭವ ಕೇಳಿ. ಮೂವತ್ತು ವರ್ಷ ದಾಟಿದ ಒಂದು ಆಂಪ್ ತಂದೆ. ಮಾರಿದವರು ಎಲ್ಲಾ ಸರಿಯಿದೆ ಅಂದಿದ್ದರು. ಆನ್ ಮಾಡಿದ ಕೂಡಲೇ ಎಡಗಡೆ ವೂಫರ್ (ಬೇಸ್ ನುಡಿಸುವ ದೊಡ್ಡ ಸ್ಪೀಕರ್) 'ಡುಬ್' ಅಂತ ಮುಂದಕ್ಕೆ ಬಂದು ಅಲ್ಲೇ ನಿಂತಿತು. ಆ ಚಾನೆಲ್ಲಿನ ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್ (ಬ್ಯಾಟರಿಯ ಹಾಗೆ ಒಂದೇ ದಿಕ್ಕಿನದು) ಬರುತ್ತಿತ್ತು. ತಕ್ಷಣ ಆಫ್ ಮಾಡಿದ್ದಕ್ಕೆ ಸ್ಪೀಕರ್ ಉಳಿಯಿತು.

ಈಗ ನಾನು ಮಲ್ಟಿಮೀಟರ್ ಜೇಬಲ್ಲಿಟ್ಟುಕೊಂಡೇ ಹೋಗುವುದು. ಸ್ಪೀಕರ್ ಜೋಡಿಸದೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟು, ಸ್ಪೀಕರ್ ಟರ್ಮಿನಲ್ಲಿನಲ್ಲಿ ಡಿಸಿ ಅಳೆಯುತ್ತೇನೆ. 50 ಮಿಲಿವೋಲ್ಟ್ ಒಳಗಿದ್ದರೆ ಮುಂದಿನ ಮಾತು. (ಟ್ರಾನ್ಸಿಸ್ಟರ್ ಆಂಪಿಗೆ ಮಾತ್ರ ಹೀಗೆ. ಟ್ಯೂಬಿಗೆ ಮೇಲಿನವರು ಹೇಳಿದ್ದು ನೆನಪಿರಲಿ.) ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಹೆದರಬೇಡಿ, ಕಾಂಟ್ಯಾಕ್ಟ್ ಕ್ಲೀನರಿಗೆ ಸಾಮಾನ್ಯವಾಗಿ ಹೋಗುತ್ತದೆ. ಹಾಡಿಲ್ಲದಾಗಲೂ 'ಹುಂ' ಅನ್ನುತ್ತಿದ್ದರೆ ಪವರ್ ಸಪ್ಲೈ ಕೆಪಾಸಿಟರ್ ಒಣಗಿರುವ ಸಾಧ್ಯತೆ ಜಾಸ್ತಿ. ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

*

ಹೋಲಿಸಿ ನೋಡುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ, ಇದನ್ನು ಯಾರೂ ಹೇಳಿಲ್ಲ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ತೀರ್ಪು ಕೊಟ್ಟುಬಿಡುತ್ತದೆ. 200 ಹರ್ಟ್ಜ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್ಲಿನಲ್ಲಿ ಎಸಿ ವೋಲ್ಟ್ ಅಳೆಯಿರಿ. ಒಂದರಲ್ಲಿ 1 ವೋಲ್ಟ್ ಬಂದರೆ ಇನ್ನೊಂದರಲ್ಲೂ 1 ವೋಲ್ಟ್ ಬರುವ ಹಾಗೆ ನಾಬ್ ತಿರುಗಿಸಿ. ಮೀಟರಿನ ಎರಡು ಮೊನೆ ಒಂದಕ್ಕೊಂದು ತಾಗದ ಹಾಗೆ ನೋಡಿಕೊಳ್ಳಿ. ಆಮೇಲೆ ಐದು ನಿಮಿಷದ್ದಲ್ಲ, ಒಂದೊಂದರಲ್ಲಿ ಒಂದೊಂದು ಸಂಜೆ ಕೇಳಿ.

*

ಪ್ರಶ್ನೆ ಕೇಳಿದವನು ಮತ್ತೆ ಬಂದಿದ್ದೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಚಪ್ಪಾಳೆ ತಟ್ಟಿದೆ, 'ಟ್ರಿಂಯ್' ಇತ್ತು. ಜಮಖಾನ ಹಾಸಿ, ಪರದೆ ಹಾಕಿ, ಸ್ಪೀಕರ್ ಸ್ವಲ್ಪ ಆಚೆ ತಿರುಗಿಸಿದೆ. ಅವತ್ತೇ ಚುಚ್ಚುವುದು ಅರ್ಧಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ. ಆಮೇಲೆ ಸ್ನೇಹಿತರಿಂದ ಎರಡು ಆಂಪ್ ಎರವಲು ತಂದೆ, ಒಂದು ಇಎಲ್34 ಪುಶ್‌ಪುಲ್, ಇನ್ನೊಂದು ಟೋನ್ ನಾಬ್, ಲೌಡ್‌ನೆಸ್ ಇರುವ 45 ವ್ಯಾಟಿನ ಕ್ಲಾಸ್ ಎಬಿ. ಮೀಟರಿನಲ್ಲಿ ಮಟ್ಟ ಸರಿಮಾಡಿಕೊಂಡೇ ಕೇಳಿದೆ.

ಟ್ಯೂಬಿನಲ್ಲಿ ಕಂಠ ಎಷ್ಟು ಚೆನ್ನಾಗಿ ಬಂತು ಅಂದರೆ, ಗಾಯಕಿ ಉಸಿರು ಎಳೆದುಕೊಳ್ಳುವುದು ಪಕ್ಕದಲ್ಲೇ ಕೇಳಿಸಿತು. ಆದರೆ ನನ್ನ ಸ್ಪೀಕರಿನಲ್ಲಿ ಮೃದಂಗದ ಎಡಭಾಗದ ಪೆಟ್ಟು ಹರಡಿಕೊಂಡಿತು, 'ಧೋಂ' ಅನ್ನುವುದು ಎಲ್ಲಿ ಮುಗಿಯಿತು ಅಂತ ಗೊತ್ತಾಗಲಿಲ್ಲ. ಕ್ಲಾಸ್ ಎಬಿಯಲ್ಲಿ ಟ್ರೆಬಲ್ ನಾಬನ್ನು ಹನ್ನೆರಡು ಗಂಟೆಯಿಂದ ಹನ್ನೊಂದಕ್ಕೆ ಇಳಿಸಿದೆ, ರಾತ್ರಿಗೆ ಲೌಡ್‌ನೆಸ್ ಒತ್ತಿದೆ. 'ಸ' ಈಗ ಬರಿ 'ಸ'. ಅದನ್ನೇ ಇಟ್ಟುಕೊಳ್ಳುತ್ತಿದ್ದೇನೆ. ನಿನ್ನೆ ಎರಡೂಕಾಲು ಗಂಟೆ ಕೇಳಿದೆ, ನಡುವೆ ಒಂದು ಸಲವೂ ವಾಲ್ಯೂಮ್ ಮುಟ್ಟಲಿಲ್ಲ.

ಒಂದು ಸಣ್ಣ ಸಂಶಯ ಉಳಿದಿದೆ. ಜಾಗ ಕಡಿಮೆ, ಆಂಪ್ ಮೇಲೆ ಸಿಡಿ ಪ್ಲೇಯರ್ ಇಡಬಹುದಾ?

*

ಬೇಡ. ಮೇಲಿರುವ ಸೀಳುಗಳಿಂದಲೇ ಬಿಸಿ ಹೊರಗೆ ಹೋಗಬೇಕು. ಮುಚ್ಚಿದರೆ ಒಳಗಿನ ಕೆಪಾಸಿಟರುಗಳು ಬೇಗ ಒಣಗುತ್ತವೆ. ಪ್ಲೇಯರನ್ನು ಕೆಳಗಿನ ಹಲಗೆಗೆ ಇಳಿಸಿ, ಆಂಪನ್ನು ಮೇಲಿಡಿ, ತಲೆಯ ಮೇಲೆ ಒಂದು ಗೇಣು ಜಾಗ ಬಿಡಿ.